ಐಶ್ವರ್ಯವೂ ಶೀಲವೂ: ಆದಿಪುರಾಣದ ಭರತನ ಪಾತ್ರವಿಚಾರ

೧

ಅಧಿಕಾರವು ಕೈಗೆ ಬಂದಮೇಲೆ ಮನುಷ್ಯನ ಶೀಲವು ಮಾರ್ಪಡುವುದೇ, ಅಥವಾ ಮೊದಲೇ ಅವನಲ್ಲಿ ಅಡಗಿದ್ದ ಸ್ವಭಾವವು ಆಗ ಹೊರಬೀಳುವುದೇ ಎಂಬ ಪ್ರಶ್ನೆಯು ಬಹು ಪ್ರಾಚೀನವಾದುದು. ತರ್ಕಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ, ಐಶ್ವರ್ಯವು ದೋಷಕ್ಕೆ ಕಾರಕಹೇತುವೋ ಜ್ಞಾಪಕಹೇತುವೋ ಎಂಬುದೇ ಇಲ್ಲಿಯ ಸಂಶಯ. ಕತ್ತಲೆಯಲ್ಲಿದ್ದ ಗಡಿಗೆಯನ್ನು ದೀಪವು ತೋರಿಸುತ್ತದೆ. ಗಡಿಗೆಯನ್ನು ಅದು ಮಾಡುವುದಿಲ್ಲ. ಕುಂಬಾರನಾದರೋ ಗಡಿಗೆಯನ್ನೇ ಮಾಡುತ್ತಾನೆ. ಅಧಿಕಾರವು ದೀಪದಂತಿದ್ದರೆ ತಪ್ಪೆಲ್ಲವೂ ವ್ಯಕ್ತಿಯದು. ಕುಂಬಾರನಂತಿದ್ದರೆ ತಪ್ಪಿನ ಬಹುಭಾಗವು ಪದವಿಯದು. ಒಂದು ಪಕ್ಷವನ್ನು ಹಿಡಿದವರು ದುಷ್ಟನನ್ನು ಇಳಿಸಿ ಸಜ್ಜನನನ್ನು ಕೂರಿಸಿದರೆ ಸಾಕೆನ್ನುವರು. ಮತ್ತೊಂದು ಪಕ್ಷದವರು ಸಜ್ಜನನೂ ಆ ಪೀಠದಲ್ಲಿ ಬಹುಕಾಲ ಸಜ್ಜನನಾಗಿ ಉಳಿಯಲಾರನೆನ್ನುವರು.

ಈ ಸಂಶಯಕ್ಕೆ ಕನ್ನಡದ ಇಬ್ಬರು ಮಹಾಕವಿಗಳು ಒಂದೇ ಕಥೆಯನ್ನು ಹಿಡಿದು ಎರಡು ಬೇರೆ ಉತ್ತರಗಳನ್ನು ಕೊಟ್ಟಿರುವರು. ಕ್ರಿ.ಶ. ೯೪೧ರ ಸುಮಾರಿನಲ್ಲಿ ಆದಿಪುರಾಣವನ್ನು ರಚಿಸಿದ ಪಂಪನು ಒಬ್ಬನು. ೧೬ನೆಯ ಶತಮಾನದಲ್ಲಿ ಭರತೇಶವೈಭವವನ್ನು ಸಾಂಗತ್ಯದಲ್ಲಿ ಹಾಡಿದ ರತ್ನಾಕರವರ್ಣಿಯು ಮತ್ತೊಬ್ಬನು. ಇಬ್ಬರ ನಾಯಕನೂ ಪ್ರಥಮ ಚಕ್ರವರ್ತಿಯಾದ ಭರತನೇ. ಆದರೆ ಪಂಪನ ಭರತನು ತಮ್ಮನ ಮೇಲೆ ಚಕ್ರವನ್ನು ಪ್ರಯೋಗಿಸುತ್ತಾನೆ. ರತ್ನಾಕರನ ಭರತನು ತಮ್ಮನನ್ನು ಮಾತಿನಿಂದಲೇ ಗೆಲ್ಲುತ್ತಾನೆ. ಈ ವ್ಯತ್ಯಾಸವನ್ನು ಕೇವಲ ಕಥಾಭೇದವೆಂದು ತಳ್ಳಿಬಿಡುವುದು ವಾಡಿಕೆ. ಅದು ಕಥಾಭೇದವಲ್ಲ, ದರ್ಶನಭೇದವೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

೨

ಮೊದಲು ಶಾಸ್ತ್ರಕಾರರ ಮತವನ್ನು ಸಂಗ್ರಹವಾಗಿ ನೋಡಬಹುದು. ಕೌಟಲ್ಯನು ಅರ್ಥಶಾಸ್ತ್ರದಲ್ಲಿ ಅಮಾತ್ಯರನ್ನು ನಿಯಮಿಸುವ ಮುನ್ನ ಧರ್ಮ, ಅರ್ಥ, ಕಾಮ, ಭಯ ಎಂಬ ನಾಲ್ಕು ಉಪಧೆಗಳಿಂದ ಅವರನ್ನು ಪರೀಕ್ಷಿಸಬೇಕೆಂದು ವಿಧಿಸುತ್ತಾನೆ. ಇದು ಜ್ಞಾಪಕಪಕ್ಷ, ಶೀಲವು ಮೊದಲೇ ಸಿದ್ಧವಾಗಿರುವುದು, ಪರೀಕ್ಷೆಯು ಅದನ್ನು ಹೊರಗೆಡಹುವುದು ಎಂಬ ಭಾವನೆ. ಆದರೆ ಅದೇ ಗ್ರಂಥಕಾರನು ಮುಂದೆ ಅಧ್ಯಕ್ಷರ ಕಾರ್ಯವನ್ನು ಹೇಳುವಾಗ, ಮನುಷ್ಯರ ಚಿತ್ತವು ನಿಂತಲ್ಲಿ ನಿಲ್ಲದ ಕಾರಣ ಕೆಲಸಕ್ಕೆ ನೇಮಕವಾದವರನ್ನು ನಿತ್ಯವೂ ಪರೀಕ್ಷಿಸುತ್ತಿರಬೇಕೆಂದು ಹೇಳಿ, ಕುದುರೆಯ ದೃಷ್ಟಾಂತವನ್ನು ಕೊಡುತ್ತಾನೆ. ಲಾಯದಲ್ಲಿ ಸೌಮ್ಯವಾಗಿದ್ದ ಕುದುರೆಯು ನೊಗಕ್ಕೆ ಹೂಡಿದೊಡನೆ ಬೇರೆಯ ಗುಣವನ್ನು ತೋರುವಂತೆ ಮನುಷ್ಯರೂ ಅಧಿಕಾರದಲ್ಲಿ ವಿಕಾರ ಹೊಂದುವರೆಂಬುದು ಅದರ ತಾತ್ಪರ್ಯ. ಇದು ಕಾರಕಪಕ್ಷ. ಒಬ್ಬನೇ ಆಚಾರ್ಯನು ಎರಡನ್ನೂ ಹೇಳಿರುವುದರಿಂದ, ನಿಯಮನಕ್ಕೆ ಮುಂಚಿನ ಪರೀಕ್ಷೆಯೊಂದೇ ಸಾಲದೆಂಬುದು ಅವನ ಸಿದ್ಧಾಂತವೆಂದು ತಿಳಿಯಬೇಕು.

ಭಾರತದ ನಹುಷೋಪಾಖ್ಯಾನವು ಇದನ್ನೇ ಕಥಾರೂಪವಾಗಿ ಹೇಳುತ್ತದೆ. ಇಂದ್ರನು ಬ್ರಹ್ಮಹತ್ಯೆಯ ಭಯದಿಂದ ಮರೆಯಾದಾಗ ದೇವತೆಗಳೂ ಋಷಿಗಳೂ ಧರ್ಮಿಷ್ಠನೆಂದೇ ನಹುಷನನ್ನು ಆರಿಸಿದರು. ಅವನು ತನಗೆ ಆ ಶಕ್ತಿಯಿಲ್ಲವೆಂದು ಹಿಂಜರಿದನು ಕೂಡ. ಆಗ ಅವರು ಅವನಿಗೆ ಕೊಟ್ಟ ವರವು ಗಮನಾರ್ಹವಾದುದು: ಅವನ ಕಣ್ಣಿಗೆ ಬಿದ್ದವರ ತೇಜಸ್ಸೆಲ್ಲವೂ ಅವನಿಗೇ ಸೇರತಕ್ಕದ್ದು. ಎಂದರೆ ಅವನ ಎದುರಿಗೆ ನಿಂತು ಬೇಡವೆನ್ನುವ ಸಾಮರ್ಥ್ಯವು ಯಾರಲ್ಲಿಯೂ ಉಳಿಯಲಿಲ್ಲ. ಹಿಂಜರಿದ ಆ ಮನುಷ್ಯನೇ ಶಚಿಯನ್ನು ಬಯಸಿದನು. ಋಷಿಗಳಿಂದ ಪಲ್ಲಕ್ಕಿಯನ್ನು ಹೊರಿಸಿದನು. ಅಗಸ್ತ್ಯನ ತಲೆಗೆ ಕಾಲನ್ನು ತಗುಲಿಸಿ ಹೆಬ್ಬಾವಾಗಿ ಬಿದ್ದನು. ಆರಿಸಿದವರಲ್ಲಿ ತಪ್ಪಿಲ್ಲ, ಆರಿಸಲ್ಪಟ್ಟವನೂ ಮೊದಲು ದುಷ್ಟನಲ್ಲ. ಕೆಟ್ಟದ್ದು ಆ ವರದಿಂದ.

ಬಾಣನ ಕಾದಂಬರಿಯಲ್ಲಿ, ನಾಗವರ್ಮನು ಅದನ್ನು ಕನ್ನಡಿಸಿದುದರಿಂದ ನಮ್ಮ ಭಾಷೆಗೂ ಸ್ವಂತವಾದ ಕಥೆಯಲ್ಲಿ, ಮಂತ್ರಿ ಶುಕನಾಸನು ಯುವರಾಜನಾಗಲಿರುವ ಚಂದ್ರಾಪೀಡನಿಗೆ ಉಪದೇಶ ಮಾಡುತ್ತಾನೆ. ಚಂದ್ರಾಪೀಡನು ವಿದ್ಯಾವಂತನು, ವಿನೀತನು. ಆದರೂ ಮಂತ್ರಿಯು ಎಚ್ಚರಿಸುವುದನ್ನು ಬಿಡಲಿಲ್ಲ. ಅರಸನ ಸುತ್ತ ಸೇರಿದ ಧೂರ್ತರು ಜೂಜನ್ನು ವಿನೋದವೆಂದೂ ಬೇಟೆಯನ್ನು ವ್ಯಾಯಾಮವೆಂದೂ ಹೆಸರಿಟ್ಟು ಕರೆಯುವರೆಂಬ ಅವನ ಮಾತು ಬಹು ಸೂಕ್ಷ್ಮವಾದುದು. ನಹುಷನಿಗೆ ಬೇಡವೆನ್ನುವವರಿಲ್ಲದೆ ಹೋದರು. ಇಲ್ಲಿ ಬೇಡವೆನ್ನುವ ಮಾತೇ ಕೋಶದಿಂದ ಮಾಯವಾಗುತ್ತದೆ. ದೋಷಕ್ಕೆ ಗುಣದ ಹೆಸರು ಅಂಟಿದಮೇಲೆ ನಿಷೇಧಿಸಲು ಶಬ್ದವೆಲ್ಲಿ?

೩

ಈ ಹಿನ್ನೆಲೆಯಲ್ಲಿ ಪಂಪನ ಭರತನನ್ನು ನೋಡಬೇಕು. ಪಂಪನು ಕಥೆಯನ್ನು ಜಿನಸೇನಾಚಾರ್ಯರ ಸಂಸ್ಕೃತ ಪೂರ್ವಪುರಾಣದಿಂದ ತೆಗೆದುಕೊಂಡವನು. ಆದುದರಿಂದ ಘಟನೆಗಳ ಸರಣಿಯು ಅವನ ಸ್ವಂತ ಕಲ್ಪನೆಯಲ್ಲ. ಆದರೆ ವಿಸ್ತಾರವಾದ ಪುರಾಣವನ್ನು ಚಂಪೂಕಾವ್ಯವಾಗಿ ಅಡಕಮಾಡುವಾಗ ಯಾವುದನ್ನು ಉಳಿಸಿ ಎತ್ತಿ ತೋರಿಸಿದನೆಂಬುದರಲ್ಲಿ ಕವಿಯ ಅಭಿಪ್ರಾಯವು ವ್ಯಕ್ತವಾಗುತ್ತದೆ.

ಭರತನ ರಾಜ್ಯಭಾರದ ಆರಂಭದಲ್ಲಿ ಮೂರು ಶುಭವಾರ್ತೆಗಳು ಒಟ್ಟಿಗೆ ಬರುತ್ತವೆ: ತಂದೆಯಾದ ವೃಷಭನಾಥನಿಗೆ ಕೇವಲಜ್ಞಾನವು ಉದಿಸಿತು, ತನಗೆ ಮಗನು ಹುಟ್ಟಿದನು, ಆಯುಧಶಾಲೆಯಲ್ಲಿ ಚಕ್ರರತ್ನವು ಮೂಡಿತು. ಯಾವುದನ್ನು ಮೊದಲು ಪೂಜಿಸಬೇಕು? ಧರ್ಮವು ಮೂಲ, ಅರ್ಥಕಾಮಗಳು ಅದರ ಫಲವೆಂದು ನಿಶ್ಚಯಿಸಿ ಅವನು ಮೊದಲು ಜಿನನ ಸನ್ನಿಧಿಗೇ ನಡೆದನು. ಈ ಸನ್ನಿವೇಶವನ್ನು ಹಲವರು ಕೇವಲ ಭಕ್ತಿಪ್ರದರ್ಶನವೆಂದು ಓದುತ್ತಾರೆ. ವಾಸ್ತವವಾಗಿ ಇದು ಮುಂದಿನ ಕಥೆಗೆ ಅಳತೆಗೋಲು. ಚಕ್ರವು ಇನ್ನೂ ಆಯುಧಶಾಲೆಯಲ್ಲಿರುವಾಗ ಭರತನ ಮನಸ್ಸಿನಲ್ಲಿ ಅದರ ಸ್ಥಾನವು ಯಾವುದಿತ್ತೆಂಬುದನ್ನು ಕವಿಯು ಇಲ್ಲಿ ಗುರುತುಮಾಡಿ ಇಟ್ಟಿದ್ದಾನೆ. ಭರತನು ಜನ್ಮತಃ ರಾಜ್ಯಲೋಭಿಯೆಂಬ ಜ್ಞಾಪಕಪಕ್ಷಕ್ಕೆ ಈ ಒಂದು ಸನ್ನಿವೇಶವೇ ಬಾಧಕವಾಗಿದೆ.

ಅನಂತರ ದಿಗ್ವಿಜಯ. ಚಕ್ರವು ಮುಂದೆ, ಸೇನೆಯು ಹಿಂದೆ. ಹೆಸರು ಬರೆದ ಬಾಣವೊಂದು ಬಿದ್ದರೆ ಮಾಗಧಾಮರನು ಕಪ್ಪವನ್ನು ಹಿಡಿದು ಬರುತ್ತಾನೆ. ವಿಜಯಾರ್ಧದ ಆಚೆಯ ಮ್ಲೇಚ್ಛಖಂಡದವರೂ ಕಡೆಗೆ ಬಾಗುತ್ತಾರೆ. ಇಲ್ಲಿ ಕವಿಯು ಭರತನನ್ನು ಕ್ರೂರನೆಂದು ಎಲ್ಲಿಯೂ ಚಿತ್ರಿಸಿಲ್ಲ. ಆದರೂ ಒಂದು ಸಂಗತಿಯು ಮೆಲ್ಲಗೆ ನಡೆಯುತ್ತಿರುತ್ತದೆ: ಎದುರುಮಾತಾಡಿದವರೆಲ್ಲರೂ ಕಡೆಗೆ ಕೈಮುಗಿಯುವರೆಂಬ ಅಭ್ಯಾಸವು ಅವನಲ್ಲಿ ಬಲಿಯುತ್ತದೆ. ನಹುಷನಿಗೆ ದೇವತೆಗಳು ಒಮ್ಮೆಗೇ ಕೊಟ್ಟ ವರವನ್ನು ಭರತನಿಗೆ ದಿಗ್ವಿಜಯವು ಸ್ವಲ್ಪಸ್ವಲ್ಪವಾಗಿ ಕೊಡುತ್ತದೆ.

ದಿಗ್ವಿಜಯದ ಶಿಖರವು ವೃಷಭಾಚಲದ ಪ್ರಸಂಗ. ತನ್ನ ಕೀರ್ತಿಯನ್ನು ಕೆತ್ತಿಸಬೇಕೆಂದು ಬಂದ ಚಕ್ರವರ್ತಿಗೆ ಆ ಬೆಟ್ಟದ ಮೇಲೆ ಜಾಗವೇ ಕಾಣುವುದಿಲ್ಲ. ಹಿಂದಿನ ಕಲ್ಪಗಳ ಚಕ್ರವರ್ತಿಗಳ ಪ್ರಶಸ್ತಿಗಳಿಂದ ಅದು ತುಂಬಿಹೋಗಿದೆ. ಭರತನ ಗರ್ವವು ಅಲ್ಲಿ ಮುರಿಯಿತೆಂದು ಎಲ್ಲ ವ್ಯಾಖ್ಯಾನಕಾರರೂ ಹೇಳುತ್ತಾರೆ. ಅದು ನಿಜವೂ ಹೌದು. ಆದರೆ ಗರ್ವವು ಮುರಿದ ಮೇಲೆ ಅವನು ಮಾಡಿದುದೇನೆಂಬುದನ್ನು ಯಾರೂ ಸಾಕಷ್ಟು ವಿಚಾರಿಸಿದಂತೆ ಕಾಣುವುದಿಲ್ಲ. ಅವನು ಹಿಂತಿರುಗಲಿಲ್ಲ. ಒಬ್ಬ ಪೂರ್ವ ಚಕ್ರವರ್ತಿಯ ಲೇಖವನ್ನು ಅಳಿಸಿ ಆ ಸ್ಥಳದಲ್ಲಿ ತನ್ನದನ್ನು ಬರೆಸಿದನು. ತನ್ನ ಹೆಸರನ್ನೂ ಮುಂದೊಬ್ಬನು ಹೀಗೆಯೇ ಅಳಿಸುವನೆಂಬ ತಿಳಿವು ಆ ಕ್ಷಣದಲ್ಲಿ ಅವನಿಗೆ ಉಂಟಾಗದೆ ಇರಲಾರದು. ತಿಳಿವು ಬಂದಿತು, ನಡತೆಯು ಬದಲಾಗಲಿಲ್ಲ. ಅಧಿಕಾರದಿಂದ ಆಗುವ ಹಾನಿಯು ಬುದ್ಧಿಗಲ್ಲ, ಬುದ್ಧಿಗೂ ಕೈಗೂ ಇರುವ ಸಂಬಂಧಕ್ಕೆ ಎಂಬುದು ಈ ಪ್ರಸಂಗದ ಧ್ವನಿ. ನಾಚಿಕೊಂಡ ಮನಸ್ಸೂ ಅಳಿಸುವ ಕೈಯೂ ಒಬ್ಬನಲ್ಲಿಯೇ ಇರಬಲ್ಲವು.

೪

ಗೆದ್ದು ಬಂದ ಚಕ್ರವು ಅಯೋಧ್ಯೆಯ ಬಾಗಿಲಲ್ಲಿ ನಿಂತುಬಿಡುತ್ತದೆ. ಸೋದರರು ಇನ್ನೂ ಬಾಗಿಲ್ಲವೆಂಬುದೇ ಕಾರಣವೆಂದು ತಿಳಿದವರು ಹೇಳುತ್ತಾರೆ. ಇತರ ಸೋದರರು ಅಣ್ಣನಿಗೆ ಬಾಗುವುದಕ್ಕಿಂತ ತಂದೆಯ ಅಡಿಗಳಲ್ಲಿ ದೀಕ್ಷೆಯನ್ನು ಕೈಕೊಳ್ಳುವುದೇ ಲೇಸೆಂದು ಹೊರಟುಹೋಗುತ್ತಾರೆ. ಪೌದನಪುರದ ಬಾಹುಬಲಿಯೊಬ್ಬನು ಮಾತ್ರ ಎದುರಾಗಿ ನಿಲ್ಲುತ್ತಾನೆ.

ಇಲ್ಲಿ ಒಂದು ಪೂರ್ವಪಕ್ಷವನ್ನು ಪರಿಹರಿಸಬೇಕಾಗಿದೆ. ಚಕ್ರವು ಪುರವನ್ನು ಹೊಗದಿರುವುದು ದೈವನಿಯಮ. ಚಕ್ರವರ್ತಿಯೆಂಬವನು ಷಟ್ಖಂಡವನ್ನೂ ಅಧೀನಪಡಿಸಿಕೊಳ್ಳತಕ್ಕವನು. ಆದಕಾರಣ ಭರತನು ಮಾಡಿದುದು ಪದವಿಯ ಧರ್ಮವೇ ಹೊರತು ಶೀಲದ ವಿಕಾರವಲ್ಲವೆಂದು ವಾದಿಸಬಹುದು. ಈ ವಾದವು ಸ್ವಲ್ಪ ದೂರದವರೆಗೆ ಸರಿ. ದೂತನನ್ನು ಕಳುಹಿಸುವವರೆಗೆ, ಕಡೆಗೆ ಸೇನೆಯನ್ನು ನಡೆಯಿಸುವವರೆಗೂ ಇದನ್ನು ಒಪ್ಪಬಹುದು. ಆದರೆ ಪದವಿಯ ವಿಕಾರವು ಬರುವುದು ಈ ವೇಷದಲ್ಲಿಯೇ ಎಂಬುದನ್ನು ಮರೆಯಬಾರದು. ಆರಂಭದಲ್ಲಿ ಭರತನು ಮೂರು ವಾರ್ತೆಗಳಲ್ಲಿ ತಾನಾಗಿ ಒಂದನ್ನು ಆರಿಸಿದನು, ಚಕ್ರವು ಕಾದಿತ್ತು. ಈಗ ಚಕ್ರವು ಬಾಗಿಲಲ್ಲಿ ನಿಂತಿದೆ. ಚಕ್ರವರ್ತಿಯು ಅದಕ್ಕಾಗಿ ಕಾದಿದ್ದಾನೆ. ಸೇವಕನಾಗಿ ಹುಟ್ಟಿದ ಆಯುಧವು ಆಜ್ಞಾಪಕನಾಯಿತು. ನನಗೆ ಬೇಕಿಲ್ಲ, ಪದವಿಗೆ ಬೇಕು ಎಂದು ಹೇಳಿಕೊಳ್ಳುವವನು ಬಹುಬೇಗ ಕರ್ತೃತ್ವವನ್ನು ಕಳೆದುಕೊಳ್ಳುತ್ತಾನೆ; ಮಾಡಿದ ಕಾರ್ಯದ ಭಾರವನ್ನು ಮಾತ್ರ ಕಳೆದುಕೊಳ್ಳುವುದಿಲ್ಲ.

ಈ ವಾದವು ಸಂಪೂರ್ಣವಾಗಿ ಮುರಿದುಬೀಳುವುದು ಮುಂದಿನ ಘಟ್ಟದಲ್ಲಿ. ಸೈನ್ಯಗಳ ಕೊಲೆಯು ಬೇಡವೆಂದು ಮಂತ್ರಿಗಳು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳೆಂಬ ಮೂರು ಧರ್ಮಯುದ್ಧಗಳನ್ನು ಏರ್ಪಡಿಸುತ್ತಾರೆ. ಇಬ್ಬರೂ ಒಪ್ಪುತ್ತಾರೆ. ಮೂರರಲ್ಲಿಯೂ ಬಾಹುಬಲಿಯು ಗೆಲ್ಲುತ್ತಾನೆ. ಕಡೆಯ ಯುದ್ಧದಲ್ಲಿ ಅಣ್ಣನನ್ನು ಎತ್ತಿ ಹಿಡಿದವನು ಅವನ ಹಿರಿತನವನ್ನು ನೆನೆದು ನೆಲಕ್ಕೆ ಬಡಿಯದೆ ಮೆಲ್ಲನೆ ಇಳಿಸುತ್ತಾನೆ. ಆಗ ಭರತನು ಚಕ್ರವನ್ನು ಪ್ರಯೋಗಿಸುತ್ತಾನೆ. ಒಪ್ಪಿಕೊಂಡ ನಿಯಮವನ್ನು ಸೋತಮೇಲೆ ಮುರಿಯುವುದಕ್ಕೆ ಯಾವ ಪದವಿಯ ಧರ್ಮವೂ ಆಧಾರವಾಗಲಾರದು. ಧರ್ಮವನ್ನು ಮೊದಲು ಪೂಜಿಸಿದವನೇ ಧರ್ಮಯುದ್ಧದ ಮೇರೆಯನ್ನು ದಾಟಿದನೆಂಬುದನ್ನು ವಾಚಕನು ಮನಸ್ಸಿನಲ್ಲಿಟ್ಟರೆ, ಕವಿಯು ಆರಂಭದಲ್ಲಿ ಇಟ್ಟ ಅಳತೆಗೋಲಿನ ಪ್ರಯೋಜನವು ಸ್ಪಷ್ಟವಾಗುವುದು.

ಚಕ್ರವು ಬಾಹುಬಲಿಯನ್ನು ಕೊಲ್ಲಲಿಲ್ಲ. ಪ್ರದಕ್ಷಿಣೆ ಬಂದು ಅವನ ಬಳಿಯಲ್ಲಿ ನಿಂತಿತು. ಮನುಷ್ಯನು ಮರೆತ ಬಾಂಧವ್ಯವನ್ನು ಆಯುಧವು ಮರೆಯಲಿಲ್ಲ.

ಹಾಗಾದರೆ ಬಾಹುಬಲಿಯೂ ಅರಸನಲ್ಲವೆ, ಅವನನ್ನೇಕೆ ಅಧಿಕಾರವು ಕೆಡಿಸಲಿಲ್ಲವೆಂಬ ಪ್ರಶ್ನೆಯು ಏಳುತ್ತದೆ. ಅಣ್ಣನನ್ನು ತೋಳಮೇಲೆ ಎತ್ತಿ ಹಿಡಿದ ಕ್ಷಣದಲ್ಲಿ ಭೂಮಂಡಲದಲ್ಲಿ ಅವನಷ್ಟು ಬಲವುಳ್ಳವನು ಬೇರೊಬ್ಬನಿರಲಿಲ್ಲ. ಆ ಕ್ಷಣದಲ್ಲಿ ಅವನು ಕೈಯನ್ನು ಹಿಡಿದನು. ಆದರೆ ಬಾಹುಬಲಿಯನ್ನು ಕೇವಲ ನಿರ್ದೋಷಿಯೆಂದು ಓದುವುದೂ ಕಾವ್ಯಕ್ಕೆ ಮಾಡುವ ಅನ್ಯಾಯ. ದೂತನಿಗೆ ಅವನು ಕೊಟ್ಟ ಉತ್ತರದಲ್ಲಿ ಅಭಿಮಾನವು ತುಂಬಿದೆ. ಒಂದು ವರ್ಷ ಪ್ರತಿಮಾಯೋಗದಲ್ಲಿ ನಿಂತು ಬಳ್ಳಿಗಳು ಮೈಯನ್ನು ಸುತ್ತಿದಮೇಲೂ ಅಣ್ಣನನ್ನು ಕುರಿತ ಮುಳ್ಳೊಂದು ಅವನ ಮನಸ್ಸಿನಲ್ಲಿ ಉಳಿದೇ ಇತ್ತು. ಅವನು ಉಳಿದುಕೊಂಡುದು ಸ್ವಭಾವಶುದ್ಧಿಯೊಂದರಿಂದಲೇ ಅಲ್ಲ. ರಾಜ್ಯಲಕ್ಷ್ಮಿಯು ಪ್ರೀತಿಯ ಅಣ್ಣನನ್ನು ಏನು ಮಾಡಿತೆಂಬುದನ್ನು ಕಣ್ಣಾರೆ ಕಂಡುದರಿಂದ. ಭರತನಿಗೆ ಅಂಥ ಕನ್ನಡಿಯೊಂದು ಎದುರಿಗೆ ಇರಲಿಲ್ಲ; ವೃಷಭಾಚಲದಲ್ಲಿ ದೊರೆತ ಕನ್ನಡಿಯ ಮೇಲೆ ಅವನು ತನ್ನ ಹೆಸರನ್ನು ಬರೆದನು.

೫

ರತ್ನಾಕರವರ್ಣಿಯ ಭರತನು ಬೇರೆಯವನು. ಅವನು ರಾಜಯೋಗಿ. ತೊಂಬತ್ತಾರು ಸಾವಿರ ರಾಣಿಯರ ನಡುವೆಯೂ ಆತ್ಮಧ್ಯಾನವನ್ನು ಬಿಡದವನು. ಇಂಥವನು ತಮ್ಮನ ಮೇಲೆ ಚಕ್ರವನ್ನು ಎಸೆದನೆಂಬುದನ್ನು ಕವಿಯ ಮನಸ್ಸು ಒಪ್ಪಲಿಲ್ಲ. ಆದುದರಿಂದ ಅವನು ಮೂರು ಯುದ್ಧಗಳನ್ನೂ ನಡೆಯಿಸದೆ, ಅಣ್ಣನ ಮೃದುವಚನದಿಂದಲೇ ಬಾಹುಬಲಿಯು ನಾಚಿ ಮನಕರಗುವಂತೆ ಕಥೆಯನ್ನು ತಿದ್ದಿದನು. ಪೂರ್ವಪುರಾಣಕ್ಕೆ ವಿರುದ್ಧವೆಂದು ಇದನ್ನು ಆಕ್ಷೇಪಿಸಿದವರುಂಟು. ಆ ಆಕ್ಷೇಪವು ಮುಖ್ಯವಲ್ಲ. ಕವಿಗೆ ಅಂಥ ಸ್ವಾತಂತ್ರ್ಯವುಂಟು. ಮುಖ್ಯವಾದ ಆಕ್ಷೇಪವು ಬೇರೊಂದಿದೆ: ನಾಯಕನನ್ನು ಕಾಪಾಡುವುದಕ್ಕಾಗಿ ಕವಿಯು ಪರೀಕ್ಷೆಯನ್ನೇ ತೆಗೆದುಹಾಕಿದನು. ಸೋಲನ್ನೇ ಕಾಣದ ಭರತನು ಸೋಲಿನಲ್ಲಿ ಹೇಗೆ ನಡೆದುಕೊಳ್ಳುತ್ತಿದ್ದನೆಂಬುದು ನಮಗೆ ತಿಳಿಯುವುದೇ ಇಲ್ಲ. ಪುಟಕ್ಕಿಡದ ಚಿನ್ನವನ್ನು ಅಪರಂಜಿಯೆನ್ನುವುದು ಭಕ್ತಿಯ ಮಾತು, ಪರೀಕ್ಷೆಯ ಮಾತಲ್ಲ.

ಇಷ್ಟಾದರೂ ರತ್ನಾಕರನ ಕಾಣ್ಕೆಯು ಅಲ್ಪವಾದುದಲ್ಲ. ಅಧಿಕಾರದ ಪರೀಕ್ಷೆಯು ರಣರಂಗದಲ್ಲಿ ಮಾತ್ರ ನಡೆಯುವುದೆಂಬ ಭ್ರಾಂತಿಯನ್ನು ಅವನು ಬಿಡಿಸುತ್ತಾನೆ. ಅವನ ಚಕ್ರವರ್ತಿಯು ಊಟಕ್ಕೆ ಮೊದಲು ಅರಮನೆಯ ಬಾಗಿಲಿಗೆ ಬಂದು ಮುನಿಗಳ ದಾರಿಯನ್ನು ಕಾಯುತ್ತಾನೆ. ಅವರಿಗೆ ಆಹಾರದಾನ ಮಾಡಿದ ಮೇಲೆ ತಾನು ಉಣ್ಣುತ್ತಾನೆ. ಷಟ್ಖಂಡದ ಒಡೆಯನು ದಿನಕ್ಕೊಮ್ಮೆಯಾದರೂ ಬಾಗಿಲಲ್ಲಿ ನಿಂತು ಮತ್ತೊಬ್ಬರ ಬರವನ್ನು ಕಾಯುವುದು ಸಾಮಾನ್ಯ ಸಂಗತಿಯಲ್ಲ. ಮುನಿಯು ಬರದೆಯೂ ಇರಬಹುದು. ಅವನನ್ನು ಆಜ್ಞೆಯಿಂದ ಕರೆಯಿಸುವಂತಿಲ್ಲ. ದಿಗ್ವಿಜಯವು ಕಲಿಸಿದ ಅಭ್ಯಾಸವನ್ನು ಮರೆಯಿಸುವ ಪ್ರತ್ಯಭ್ಯಾಸವಿದು. ಕೌಟಲ್ಯನು ಅರಸನಿಗೆ ಮೊದಲು ಇಂದ್ರಿಯಜಯವನ್ನು ವಿಧಿಸಿ, ಅದಿಲ್ಲದೆ ಕೆಟ್ಟವರ ಪಟ್ಟಿಯಲ್ಲಿ ರಾವಣ ದುರ್ಯೋಧನರನ್ನು ಹೇಳಿರುವುದೂ ಈ ನಿತ್ಯಾಭ್ಯಾಸವನ್ನು ಕುರಿತೇ.

ವೈದ್ಯಶಾಸ್ತ್ರದ ರೀತಿಯಲ್ಲಿ ಹೇಳಬಹುದಾದರೆ, ಪಂಪನು ನಿದಾನವನ್ನು ಹೇಳಿದನು, ರತ್ನಾಕರನು ಪಥ್ಯವನ್ನು ಹೇಳಿದನು. ನಿದಾನವಿಲ್ಲದ ಪಥ್ಯವು ಏತಕ್ಕೆಂದು ತಿಳಿಯದು. ಪಥ್ಯವಿಲ್ಲದ ನಿದಾನವು ರೋಗಿಯನ್ನು ಹೆದರಿಸಿ ಬಿಡುವುದು. ಆದುದರಿಂದ ವಿದ್ಯಾರ್ಥಿಗಳಿಗೆ ಈ ಎರಡು ಕಾವ್ಯಭಾಗಗಳನ್ನು ಜತೆಯಾಗಿ ಬೋಧಿಸುವುದು ಯುಕ್ತ. ಆದರೆ ಎರಡರಲ್ಲಿ ಸತ್ಯಕ್ಕೆ ಹತ್ತಿರವಾದುದು ಯಾವುದೆಂದು ಕೇಳಿದರೆ ಪಂಪನದೇ ಎನ್ನಬೇಕಾಗುತ್ತದೆ. ಏಕೆಂದರೆ ಪಂಪನ ಭರತನು ಬಿದ್ದಮೇಲೂ ಭರತನಾಗಿಯೇ ಉಳಿದಿದ್ದಾನೆ. ಅವನು ತಪಸ್ಸಿನಲ್ಲಿ ನಿಂತ ತಮ್ಮನ ಬಳಿಗೆ ಬಂದು ಪೂಜಿಸಿದಾಗಲೇ ಬಾಹುಬಲಿಗೆ ಕೇವಲಜ್ಞಾನವು ಉದಿಸುವುದು. ಚಕ್ರವನ್ನು ಎಸೆದ ಕೈಗಳೇ ಅಲ್ಲಿ ಮುಗಿದವು. ಕಡೆಗೆ ಭರತನೂ ವಿರಕ್ತನಾಗಿ ಮುಕ್ತಿಗೆ ಸಲ್ಲುತ್ತಾನೆ. ಅಧಿಕಾರದಿಂದಾದ ವಿಕಾರವು ಹಾಲು ಮೊಸರಾದಂತೆ ಹಿಂತಿರುಗದ ಪರಿಣಾಮವಲ್ಲ, ಸ್ಫಟಿಕಕ್ಕೆ ಪಕ್ಕದ ಹೂವಿನಿಂದ ಬಂದ ಕೆಂಪಿನಂತೆ ಉಪಾಧಿಯಿಂದಾದುದು ಎಂದು ಇದರಿಂದ ತಿಳಿಯುತ್ತದೆ. ಕೆಂಪು ಕಾಣುವುದು ನಿಜ; ಹೂವನ್ನು ತೆಗೆದರೆ ಹೋಗುವುದೂ ನಿಜ. ಒಂದು ಕೊರತೆಯನ್ನು ಮಾತ್ರ ಹೇಳತಕ್ಕದ್ದಿದೆ: ಚಕ್ರವು ತಿರುಗಿ ನಿಂತ ಮೇಲೆ ಕವಿಯ ದೃಷ್ಟಿಯು ಬಾಹುಬಲಿಯ ವೈರಾಗ್ಯದ ಕಡೆಗೆ ಹೊರಳಿ, ಭರತನ ಒಳಗಿನ ತಳಮಳಕ್ಕೆ ತಕ್ಕಷ್ಟು ಅವಕಾಶವು ದೊರೆಯಲಿಲ್ಲ.

೬

ಈ ಕಾವ್ಯವನ್ನು ಬರೆದವನು ಆಸ್ಥಾನಕವಿಯೆಂಬುದನ್ನೂ ಗಮನಿಸಬೇಕು. ವೇಮುಲವಾಡದ ಚಾಲುಕ್ಯ ಅರಿಕೇಸರಿಯನ್ನು ಅರ್ಜುನನೊಡನೆ ಅಭೇದಮಾಡಿ ವಿಕ್ರಮಾರ್ಜುನವಿಜಯವನ್ನು ರಚಿಸಿದ ಪಂಪನೇ ಆದಿಪುರಾಣದಲ್ಲಿ ಲೋಕೈಕಚಕ್ರವರ್ತಿಯು ತಮ್ಮನ ಎದುರಿಗೆ ನ್ಯಾಯವನ್ನು ಮುರಿದುದನ್ನು ಹಾಡಿದನು. ಒಂದರಲ್ಲಿ ಲೌಕಿಕವನ್ನೂ ಇನ್ನೊಂದರಲ್ಲಿ ಜಿನಾಗಮವನ್ನೂ ಬೆಳಗಿದೆನೆಂದು ಅವನು ಮಾಡಿಕೊಂಡ ವಿಭಾಗವು ಪ್ರಸಿದ್ಧವಾಗಿದೆ. ಅರಸನ ಎದುರಿಗೆ ನೇರವಾಗಿ ಹೇಳಲಾಗದ ನಿಷೇಧವಚನವನ್ನು ಆಗಮದ ಮರೆಯಲ್ಲಿ ಹೇಳಿದನೆಂದು ಊಹಿಸಲು ಪ್ರಮಾಣವಿಲ್ಲ. ಆದರೆ ಓದುವ ಅರಸನಿಗೆ ಅದು ಹೇಳಿದಂತೆಯೇ ಆಯಿತೆಂಬುದರಲ್ಲಿ ಸಂದೇಹವಿಲ್ಲ.

ಪಂಪನ ಕಾವ್ಯವು ಹುಟ್ಟಿದ ಸುಮಾರು ನಾಲ್ವತ್ತು ವರ್ಷಗಳ ಮೇಲೆ, ಕ್ರಿ.ಶ. ೯೮೧ರ ಸುಮಾರಿನಲ್ಲಿ, ಗಂಗರ ಮಂತ್ರಿಯೂ ಸೇನಾಪತಿಯೂ ಆದ ಚಾವುಂಡರಾಯನು ಶ್ರವಣಬೆಳಗೊಳದ ಬೆಟ್ಟದ ಮೇಲೆ ಮೂರ್ತಿಯೊಂದನ್ನು ನಿಲ್ಲಿಸಿದನು. ಅಧಿಕಾರವನ್ನು ಬಲ್ಲ ಆ ಪುರುಷನು ಷಟ್ಖಂಡವನ್ನು ಗೆದ್ದವನ ಮೂರ್ತಿಯನ್ನು ಕೆತ್ತಿಸಲಿಲ್ಲ. ಗೆದ್ದು ಬಿಟ್ಟವನ ಮೂರ್ತಿಯನ್ನು ಕೆತ್ತಿಸಿದನು. ಅಷ್ಟಾದರೂ ಜನರ ನಾಲಗೆಯು ಅವನನ್ನು ಬಿಡಲಿಲ್ಲ. ರಾಯನು ಗರ್ವದಿಂದ ಮಾಡಿಸಿದ ಅಭಿಷೇಕದ ಹಾಲು ಮೂರ್ತಿಯ ಕೆಳಗಿಳಿಯಲಿಲ್ಲವೆಂದೂ, ಗುಳ್ಳಕಾಯಿಯಲ್ಲಿ ಮುದುಕಿಯೊಬ್ಬಳು ತಂದ ಹಾಲು ಅಡಿಯವರೆಗೂ ಹರಿಯಿತೆಂದೂ ಐತಿಹ್ಯವು ಹೇಳುತ್ತದೆ. ಗುಳ್ಳಕಾಯಜ್ಜಿಯ ವಿಗ್ರಹವು ಇಂದಿಗೂ ಗೊಮ್ಮಟನ ಎದುರಿಗೆ ನಿಂತಿದೆ. ತ್ಯಾಗದ ಮೂರ್ತಿಯನ್ನು ಮಾಡಿಸುವುದರಲ್ಲಿಯೂ ಅಧಿಕಾರದ ಮದವು ನುಸುಳಬಲ್ಲುದೆಂದು ತಿಳಿದ ಜನರ ಕಥೆಯಿದು.

ಇಷ್ಟರಿಂದ ನಿರ್ಣಯವನ್ನು ಹೇಳಬಹುದು. ಐಶ್ವರ್ಯವು ಶೀಲಕ್ಕೆ ಕೇವಲ ಜ್ಞಾಪಕಹೇತುವಲ್ಲ. ಹಾಗಿದ್ದರೆ ಭರತನ ಮೊದಲ ಆಯ್ಕೆಯು ವಿವರಣೆಗೆ ಸಿಕ್ಕುವುದಿಲ್ಲ. ಸ್ವತಂತ್ರವಾದ ಕಾರಕಹೇತುವೂ ಅಲ್ಲ; ಹಾಗಿದ್ದರೆ ಅಣ್ಣನನ್ನು ಮೆಲ್ಲನೆ ಇಳಿಸಿದ ಬಾಹುಬಲಿಯ ಕೈಯು ವಿವರಣೆಗೆ ಸಿಕ್ಕುವುದಿಲ್ಲ. ಸಹಕಾರಿಯೊಂದು ಕೂಡಿದಾಗ ಅದು ಕಾರಕವಾಗುತ್ತದೆ. ಆ ಸಹಕಾರಿಯು ನಿಷೇಧದ ಅಭಾವ: ಕಣ್ಣಿಗೆ ಬಿದ್ದವರ ತೇಜಸ್ಸೆಲ್ಲ ತನಗೇ ಸೇರುವ ವರ, ದೋಷಕ್ಕೆ ಗುಣದ ಹೆಸರಿಡುವ ಪರಿವಾರ, ಬಾಗದವರನ್ನೇ ಕಾಣದ ದಿಗ್ವಿಜಯ. ಎಲ್ಲ ಅಧಿಕಾರಿಗಳೂ ಮೊದಲಿನಿಂದಲೇ ಹಾಗೆಂದು ಹೇಳುವವನು ಪದವಿಯನ್ನು ನಿರಪರಾಧಿಯನ್ನಾಗಿ ಮಾಡುತ್ತಾನೆ. ಪದವಿಯೇ ಕೆಡಿಸಿತೆಂದು ಹೇಳುವವನು ಮನುಷ್ಯನನ್ನು ಬಿಡಿಸಿಬಿಡುತ್ತಾನೆ. ಪಂಪನು ಇಬ್ಬರನ್ನೂ ಬಿಡಲಿಲ್ಲ. ಚಕ್ರವು ಬಾಗಿಲಲ್ಲಿ ನಿಂತುದನ್ನೂ ಅವನು ಹೇಳಿದನು, ಅದನ್ನು ಎಸೆದ ಕೈಯು ಯಾರದೆಂಬುದನ್ನೂ ಹೇಳಿದನು.